ಹಿಮ ಇದೆ, ಸೀಸನ್ ಮುಗೀತು

ಏಪ್ರಿಲ್ ತಿಂಗಳ ಒಂದು ಭಾನುವಾರ. ಡೆನ್ವರ್‌ನಿಂದ ಎರಡು ಗಂಟೆ ದೂರದ ಸ್ಕೀ ರೆಸಾರ್ಟೊಂದರ ಪಾರ್ಕಿಂಗಿನಲ್ಲಿ ನಿಂತು ಬೂಟು ಬಿಚ್ಚುತ್ತಿದ್ದೆ. ಬೆಳಿಗ್ಗೆಯಿಂದ ಬಿದ್ದ ಹಿಮ ಕಾರಿನ ಮೇಲೆ ನಾಲ್ಕು ಬೆರಳು ದಪ್ಪ ಕೂತಿತ್ತು, ಇನ್ನೂ ಬೀಳ್ತಾನೇ ಇತ್ತು. ಈ ಚಳಿಗಾಲದಲ್ಲೇ ಇಷ್ಟು ಒಳ್ಳೆ ಹಿಮ ನೋಡಿರಲಿಲ್ಲ ಅಂತ ಲಿಫ್ಟಿನಲ್ಲಿ ಪಕ್ಕ ಕೂತಿದ್ದ ಅಜ್ಜ ಒಬ್ಬರು ಹೇಳಿದ್ದರು. ಆದರೆ ಗೇಟಿನ ಪಕ್ಕದ ಬೋರ್ಡು ಬೇರೆಯದೇ ಹೇಳುತ್ತಿತ್ತು: ಈ ಸೀಸನ್ನಿಗೆ ಇವತ್ತೇ ಕೊನೆ, ಇನ್ನು ನವೆಂಬರ್‌ನಲ್ಲಿ ಸಿಗೋಣ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನ ಹೇಳಿದೆ. ಅಪ್ಪ ಶಿರಾ ಸೀಮೆಯ ಮನುಷ್ಯ. ಹಿಮ ಅಂದ್ರೆ ಅವರಿಗೆ ಫ್ರಿಜ್ಜಿನ ಮೇಲಿನ ಖಾನೆ ಅಷ್ಟೇ. ಆದರೆ ಮಳೆ ನೆಚ್ಚಿಕೊಂಡು ಕಡ್ಲೆಕಾಯಿ ಬಿತ್ತಿ ಬದುಕಿದವರಿಗೆ ಸೀಸನ್ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಅಲ್ಲ ಕಣಪ್ಪ, ಮಳೆ ಸುರೀತಿರೋವಾಗ ಯಾವನಾದ್ರೂ ಕೂರಿಗೆ ಎತ್ತಿ ಅಟ್ಟದ ಮೇಲೆ ಇಡ್ತಾನಾ?"

ಉತ್ತರ ಗೊತ್ತಿರಲಿಲ್ಲ. ಸೋಮವಾರ ಆಫೀಸಿನಲ್ಲಿ ಕೇಳಿದೆ. ಒಬ್ಬ, "ಸರ್ಕಾರದ ರೂಲ್ಸ್, ಜಾಗ ಅರಣ್ಯ ಇಲಾಖೆದು, ತಾರೀಖು ಅವರದ್ದೇ" ಅಂದ. ಇನ್ನೊಬ್ಬ, "ಹಿಮಕುಸಿತದ ಭಯ" ಅಂದ. ಮೂರನೆಯವನು, "ಏಪ್ರಿಲ್ ಹಿಮ ಹಿಮಾನೇ ಅಲ್ಲ ಬಿಡು ಮಗಾ, ಮಧ್ಯಾಹ್ನ ಆದ್ರೆ ಗಂಜಿ" ಅಂದ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಮೂರನ್ನೂ ಕೂಡಿಸಿದರೂ ಆ ಬೋರ್ಡಿಗೆ ಕಾರಣ ಸಿಗೋದಿಲ್ಲ.

ಮೊದಲು ಸರ್ಕಾರದ್ದು ನೋಡೋಣ. ಅಮೆರಿಕದ 120ಕ್ಕೂ ಹೆಚ್ಚು ಸ್ಕೀ ತಾಣಗಳು ಇರೋದು ರಾಷ್ಟ್ರೀಯ ಅರಣ್ಯದ ಜಾಗದಲ್ಲಿ. ಬೆಟ್ಟ ಸರ್ಕಾರದ್ದು, ಲಿಫ್ಟು ಕಂಪನಿದು. ಎಲ್ಕ್ ಅನ್ನೋ ದೊಡ್ಡ ಜಿಂಕೆಗಳು ಮರಿ ಹಾಕುವ ಕಾಲಕ್ಕೆ ಕೆಲವು ಕಡೆ ಬೆಟ್ಟದ ಒಂದಷ್ಟು ಭಾಗಕ್ಕೆ ಯಾರನ್ನೂ ಬಿಡೋದಿಲ್ಲ, ಅದು ನಿಜ. ಆದರೆ ಆ ಕಾಲ ಬರೋದು ಮೇ, ಜೂನ್‌ನಲ್ಲಿ. ಏಪ್ರಿಲ್‌ನ ಎರಡನೇ ಭಾನುವಾರವೇ ಅಂಗಡಿ ಮುಚ್ಚಿ ಅಂತ ಅರಣ್ಯ ಇಲಾಖೆ ಸಾಮಾನ್ಯವಾಗಿ ಹೇಳೋದಿಲ್ಲ. ಯಾವಾಗ ತೆಗೀತೀವಿ, ಯಾವಾಗ ಮುಚ್ತೀವಿ ಅಂತ ಯೋಜನೆ ಕೊಡೋದು ರೆಸಾರ್ಟು, ಇಲಾಖೆ ಅದಕ್ಕೆ ಒಪ್ಪಿಗೆ ಹಾಕುತ್ತೆ.

ಇನ್ನು ಹಿಮದ್ದು. ಕೊಲರಾಡೋದ ಎತ್ತರದ ಬೆಟ್ಟಗಳಲ್ಲಿ ಹಿಮದ ದಾಸ್ತಾನು ತುದಿ ಮುಟ್ಟೋದೇ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಜನ ಕಿಕ್ಕಿರಿದು ಬರೋವಾಗ ಕಲ್ಲು ಕಾಣುತ್ತಿರುತ್ತೆ. ನೀರು, ಗಾಳಿ, ಕರೆಂಟು ಸುರಿದು ಮಿಷನ್ನಿನಿಂದ ಹಿಮ ಮಾಡಿ ಹಾಸ್ತಾರೆ. ಏಪ್ರಿಲ್‌ನಲ್ಲಿ ಅದೇ ಬೆಟ್ಟದ ಮೇಲೆ ಆಳುದ್ದ ಹಿಮ ಇರುತ್ತೆ, ಆಗ ಲಿಫ್ಟ್ ನಿಲ್ಲಿಸ್ತಾರೆ. ಮಧ್ಯಾಹ್ನ ಬಿಸಿಲಿಗೆ ಮೆತ್ತಗಾಗುತ್ತೆ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕರಗುತ್ತೆ, ಒದ್ದೆ ಹಿಮ ಕುಸಿಯುವ ಅಪಾಯವೂ ಹೆಚ್ಚು. ಇದೆಲ್ಲ ಖರೆ. ಅದಕ್ಕೆ ಆ ಇಳಿಜಾರುಗಳನ್ನ ಮಾತ್ರ ಮುಚ್ಚಬಹುದು, ಮಧ್ಯಾಹ್ನ ಬೇಗ ನಿಲ್ಲಿಸಬಹುದು. ಮೇವರೆಗೂ ತೆರೆದಿರುವ ಬೆಟ್ಟಗಳು ಮಾಡೋದು ಅದನ್ನೇ.

ಹಾಗಾದ್ರೆ ಇಲ್ಲದೇ ಇರೋದು ಏನು? ಜನ.

ಬೇಸಿಗೆ ಗಾಳಿ ಸ್ವಲ್ಪ ಸೋಕಿದ್ರೆ ಸಾಕು, ಡೆನ್ವರ್ ಮಂದಿ ಸೈಕಲ್ ತೆಗೀತಾರೆ, ಹಿತ್ತಲಲ್ಲಿ ಗಿಡ ನೆಡ್ತಾರೆ, ಗಾಲ್ಫ್ ಆಡೋಕೆ ಹೋಗ್ತಾರೆ. ಕಿಟಕಿಯಾಚೆ ಹುಲ್ಲು ಹಸಿರಾಗಿದ್ರೆ ನೂರು ಮೈಲಿ ಆಚೆ ಬೆಟ್ಟದಲ್ಲಿ ಹಿಮ ಇದೆ ಅಂತ ತಲೆಗೆ ಹೋಗೋದೇ ಇಲ್ಲ. ದೂರದೂರಿಂದ ವಿಮಾನದಲ್ಲಿ ಬಂದು ಹೋಟೆಲ್ ಹಿಡಿದು, ಬಾಡಿಗೆ ಸ್ಕೀ ತಗೊಂಡು, ಮಕ್ಕಳನ್ನ ಕ್ಲಾಸಿಗೆ ಸೇರಿಸಿ, ಅಲ್ಲೇ ಊಟ ಮಾಡುವ ಕುಟುಂಬಗಳೇ ರೆಸಾರ್ಟಿನ ನಿಜವಾದ ಫಸಲು. ಅವರು ಬರೋದು ಕ್ರಿಸ್‌ಮಸ್ಸಿಗೆ, ಫೆಬ್ರುವರಿಯ ಪ್ರೆಸಿಡೆಂಟ್ಸ್ ಡೇ ರಜೆಗೆ, ಮಾರ್ಚ್‌ನ ಶಾಲಾ ರಜೆಗೆ. ಈಸ್ಟರ್ ಕಳೆದರೆ ಅವರಿಲ್ಲ. ಉಳಿಯೋರು ನನ್ನಂಥವರು: ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬಂದು, ಪಾಸ್ ತೋರಿಸಿ, ದಿನವಿಡೀ ಜಾರಿ, ಒಂದು ಕಾಫಿಯನ್ನೂ ಕೊಳ್ಳದೆ ಮನೆಗೆ ಹೋಗೋರು.

ಖರ್ಚು ಮಾತ್ರ ಕಮ್ಮಿ ಆಗಲ್ಲ. ಸರ್ವರ್ ಇದ್ದ ಹಾಗೆ ಇದು. ಹತ್ತು ಯೂಸರ್ ಇರಲಿ, ಹತ್ತು ಸಾವಿರ ಇರಲಿ, ಆನ್ ಆಗಿರಬೇಕು. ಲಿಫ್ಟಿನ ಎರಡೂ ತುದಿಗೆ ಆಳು ಬೇಕು, ಗಸ್ತಿನವರು ಬೆಳಗಿನ ಜಾವ ಎದ್ದು ಇಳಿಜಾರು ಪರೀಕ್ಷೆ ಮಾಡಬೇಕು, ರಾತ್ರಿಯೆಲ್ಲ ಹಿಮ ಮಟ್ಟ ಮಾಡುವ ಯಂತ್ರ ಓಡಬೇಕು. ದಿನದ ವರಮಾನ ದಿನದ ಖರ್ಚಿಗಿಂತ ಕೆಳಗೆ ಇಳಿದ ದಿನ ಸೀಸನ್ ಮುಗೀತು. ಎಕ್ಸೆಲ್ ಶೀಟಿನ ಆ ಗೆರೆಗೂ ಆಕಾಶಕ್ಕೂ ಸಂಬಂಧ ಇಲ್ಲ.

ಇಷ್ಟು ತಿಳಿದಾಗ ನನಗೆ ಬೇಜಾರೇನೂ ಆಗಲಿಲ್ಲ. ವ್ಯಾಪಾರ ಅಂದ ಮೇಲೆ ಲೆಕ್ಕ ಇರುತ್ತೆ. ನಷ್ಟ ಮಾಡಿಕೊಂಡು ನನಗೋಸ್ಕರ ಲಿಫ್ಟ್ ಓಡಿಸಿ ಅಂತ ಯಾವ ಬಾಯಲ್ಲಿ ಹೇಳೋದು? ಇನ್ನೊಂದು ವಿಷಯವೂ ಇದೆ. ಮುಚ್ಚುವ ತಾರೀಖನ್ನ ಬೇಸಿಗೆಯಲ್ಲೋ ಶರತ್ಕಾಲದಲ್ಲೋ, ಒಂದು ಹನಿ ಹಿಮ ಬೀಳೋ ಮುಂಚೆಯೇ ಗುರುತು ಹಾಕಿಟ್ಟಿರ್ತಾರೆ. ಯಾಕಂದ್ರೆ ಕೆಲಸದವರನ್ನ ಆ ತಾರೀಖಿನವರೆಗೆ ಅಂತಲೇ ತಗೊಂಡಿರ್ತಾರೆ.

ಆ ಭಾನುವಾರ ನನ್ನ ಲಿಫ್ಟ್ ಹತ್ತಿಸಿದವನು ಊರಿನವನೇ ಒಬ್ಬ ಮುದುಕ. ಜನವರಿಯಲ್ಲಿ ಅದೇ ಜಾಗದಲ್ಲಿ ಪೆರು ದೇಶದ ಹುಡುಗನೊಬ್ಬ ಇರ್ತಿದ್ದ, ಇಂಜಿನಿಯರಿಂಗ್ ಓದೋನು. ಭೂಗೋಳದ ಕೆಳ ಅರ್ಧದಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಸಿಗೆ ರಜೆ. ಆ ರಜೆಯಲ್ಲಿ ಜೆ-1 ವೀಸಾದ ಮೇಲೆ ಗರಿಷ್ಠ ನಾಲ್ಕು ತಿಂಗಳು ಇಲ್ಲಿ ದುಡಿದು, ಕಾಲೇಜು ಶುರುವಾಗೋ ಹೊತ್ತಿಗೆ ವಾಪಸ್ ಹೋಗ್ತಾರೆ. ಅಂದ್ರೆ ರಾಕಿ ಬೆಟ್ಟಗಳ ಸೀಸನ್ ಎಷ್ಟು ಉದ್ದ ಅನ್ನೋದನ್ನ ನಿರ್ಧರಿಸೋದರಲ್ಲಿ ದಕ್ಷಿಣ ಅಮೆರಿಕದ ಕಾಲೇಜು ಕ್ಯಾಲೆಂಡರಿಗೂ ಒಂದು ಕೈ ಇದೆ.

ಆ ಹುಡುಗನಿಗೂ ನನಗೂ ಒಂದು ನಂಟಿದೆ. 2020ರ ಜೂನ್ 22ರಂದು ಆಗಿನ ಅಧ್ಯಕ್ಷ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಎಚ್-1ಬಿ, ಎಚ್-2ಬಿ, ಎಲ್, ಜೆ-1ರ ಹಲವು ವಿಭಾಗ, ಎಲ್ಲದಕ್ಕೂ ಹೊಸಬರ ಪ್ರವೇಶ ಬಂದ್. ನಾನು ಆಗ ಬೆಂಗಳೂರಲ್ಲಿ ಸ್ಟಾಂಪಿಂಗ್‌ಗೆ ಕಾಯ್ತಾ ಕೂತಿದ್ದೆ. ನನ್ನ ಎಚ್-1ಬಿ ನಿಂತ ಕಾಗದದಲ್ಲೇ ಅವನಂಥವರ ಜೆ-1 ಕೂಡ ನಿಂತಿತು. ಆ ಚಳಿಗಾಲದಲ್ಲಿ ಬೆಟ್ಟದ ಊರುಗಳಲ್ಲಿ ಹಿಮ ಇದ್ದರೂ ಲಿಫ್ಟ್ ಪಕ್ಕ ನಿಲ್ಲೋಕೆ ಆಳಿಗೆ ಪರದಾಡಿದರು. ನಮ್ಮಲ್ಲಿ ಅನೇಕರು ಆ ಘೋಷಣೆ ಸಾಫ್ಟ್‌ವೇರಿನವರ ಮೇಲೆ ಮಾತ್ರ ಬಂದ ಶನಿ ಅಂದುಕೊಂಡಿದ್ದೆವು. ಅಲ್ಲ. ಸೀಸನ್ ಮುಗಿದ ಮೇಲೆ ಬ್ಯಾಗು ಕಟ್ಟಬೇಕಾದ ಎಲ್ಲರ ಮೇಲೂ ಬಂದಿತ್ತು.

ಇಲ್ಲೀವರೆಗೆ ನನ್ನ ತಕರಾರು ಏನೂ ಇಲ್ಲ. ತಕರಾರು ಇರೋದು ಪಾಸಿನ ಬಗ್ಗೆ.

ಮೊದಲೆಲ್ಲ ಸ್ಕೀ ಬೆಟ್ಟ ನಡೀತಿದ್ದದ್ದು ಹೆಚ್ಚಾಗಿ ದಿನದ ಟಿಕೆಟ್ಟಿನ ಮೇಲೆ. ಹಿಮ ಬಿದ್ದರೆ ಜನ, ಜನ ಬಂದರೆ ದುಡ್ಡು. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿ 579 ಡಾಲರಿಗೆ ಎಪಿಕ್ ಪಾಸ್ ತಂದಿತು. ಒಂದೇ ಪಾಸು, ಹಲವು ಬೆಟ್ಟ, ಎಷ್ಟು ದಿನ ಬೇಕಾದರೂ. ಒಂದೇ ಷರತ್ತು: ದುಡ್ಡನ್ನ ಸೀಸನ್ ಶುರುವಾಗೋ ಮುಂಚೆ ಕಟ್ಟಬೇಕು. ಹತ್ತು ವರ್ಷದ ಮೇಲೆ, 2018ರಲ್ಲಿ, ಎದುರಾಳಿ ಕಂಪನಿ ಆಲ್ಟೆರಾ ಐಕಾನ್ ಪಾಸ್ ತಂದಿತು. ಇವತ್ತು ವೇಲ್ ಕಂಪನಿಯ ಲಿಫ್ಟ್ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಪಾಸುಗಳಿಂದ. ಬಾಗಿಲಲ್ಲಿ ನಿಂತು ಟಿಕೆಟ್ ತಗೊಳ್ಳೋನ ಪಾಡು ಕೇಳಬೇಡಿ, ದೊಡ್ಡ ಬೆಟ್ಟಗಳಲ್ಲಿ ರಜೆ ದಿನದ ಟಿಕೆಟ್ 300 ಡಾಲರ್ ದಾಟಿದೆ. ಆ ಬೆಲೆ ನೋಡಿದೋನು ಓಡಿ ಹೋಗಿ ಪಾಸ್ ತಗೋಬೇಕು, ಅದಕ್ಕೇ ಆ ಬೆಲೆ ಇರೋದು ಅಂತ ನನ್ನ ಗುಮಾನಿ.

ಇದನ್ನೂ ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು: "ದುಡ್ಡು ಮೊದ್ಲೇ ಕಟ್ಟಿದ್ಯಾ?"

"ಹೂಂ ಅಪ್ಪ, ಸೆಪ್ಟೆಂಬರಲ್ಲೇ."

"ಹಂಗಾದ್ರೆ ಅವನಿಗ್ಯಾಕಪ್ಪ ಮಳೆ ಚಿಂತೆ? ಗುತ್ತಿಗೆ ದುಡ್ಡು ಜೇಬಲ್ಲೈತೆ."

ಪೇಟೆಯಲ್ಲೇ ಬೆಳೆದ ಓದುಗರಿಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಜಮೀನನ್ನ ಇನ್ನೊಬ್ಬರಿಗೆ ಮಾಡೋಕೆ ಕೊಡುವಾಗ ಎರಡು ದಾರಿ. ಒಂದು, ವಾರಕ್ಕೆ ಕೊಡೋದು. ಈ ವಾರ ಅಂದ್ರೆ ಏಳು ದಿನ ಅಲ್ಲ, ಬೆಳೆಯಲ್ಲಿ ಪಾಲು. ಹತ್ತು ಮೂಟೆ ಬೆಳೆದರೆ ಐದು ನಿಂಗೆ ಐದು ನಂಗೆ, ಏನೂ ಬೆಳೀದಿದ್ರೆ ಇಬ್ಬರಿಗೂ ಮಣ್ಣು. ಇನ್ನೊಂದು, ಗುತ್ತಿಗೆ. ವರ್ಷಕ್ಕೆ ಇಷ್ಟು ಅಂತ ದುಡ್ಡು. ಮಳೆ ಬರಲಿ ಬಿಡಲಿ, ಜಮೀನಿನವನಿಗೆ ಅಷ್ಟು ಕೊಡಬೇಕು. ವಾರಕ್ಕೆ ಕೊಟ್ಟ ಜಮೀನಿನ ಯಜಮಾನ ಬದುವಿನ ಮೇಲೆ ನಿಂತು ಮೋಡ ನೋಡ್ತಾನೆ. ಗುತ್ತಿಗೆ ಕೊಟ್ಟವನು ನೋಡಲ್ಲ.

ದಿನದ ಟಿಕೆಟ್ಟು ಅಂದ್ರೆ ವಾರ. ಪಾಸು ಅಂದ್ರೆ ಗುತ್ತಿಗೆ. ಆದರೆ ನಮ್ಮೂರಿನ ಗುತ್ತಿಗೆಯಲ್ಲೂ ಒಂದು ನ್ಯಾಯ ಇದೆ: ಒಳ್ಳೆ ಮಳೆ ಬಂದ ವರ್ಷ ಹೆಚ್ಚಿಗೆ ಬೆಳೆದದ್ದೆಲ್ಲ ಗುತ್ತಿಗೆದಾರನದ್ದೇ. ಕೆಟ್ಟ ವರ್ಷದ ನಷ್ಟ ಹೊತ್ತವನಿಗೆ ಒಳ್ಳೆ ವರ್ಷದ ಲಾಭ. ಸ್ಕೀ ಪಾಸಿನಲ್ಲಿ ಆ ಅರ್ಧವನ್ನ ಕತ್ತರಿಸಿದ್ದಾರೆ. ಹಿಮ ಬೀಳದೆ ಅರ್ಧ ಬೆಟ್ಟ ಮಾತ್ರ ತೆರೆದ ವರ್ಷ ನಾನು ಕಟ್ಟಿದ ದುಡ್ಡು ವಾಪಸ್ ಬರಲ್ಲ. ಹಿಮ ಮೇವರೆಗೂ ನಿಂತ ವರ್ಷ, ಬೆಳೆದು ನಿಂತ ಪೈರಿನ ಮುಂದೆ ಗೇಟಿಗೆ ಬೀಗ. ತಾರೀಖಿನ ಪಕ್ಕ ಬರೆದಿರುತ್ತಲ್ಲ, ‘ಹಿಮದ ಪರಿಸ್ಥಿತಿ ನೋಡಿಕೊಂಡು’ ಅಂತ, ಆ ಮಾತು ಹೆಚ್ಚಾಗಿ ಒಂದೇ ದಿಕ್ಕಿಗೆ ಓಡುತ್ತೆ. ಹಿಮ ಕಮ್ಮಿ ಆದರೆ ತಾರೀಖು ಹಿಂದಕ್ಕೆ ಬರುತ್ತೆ. ಜಾಸ್ತಿ ಆದರೆ ಮುಂದಕ್ಕೆ ಹೋಗೋದು ಅಪರೂಪ.

ತಮಾಷೆ ಏನು ಗೊತ್ತಾ? ಬೆಟ್ಟದ ನಿಜವಾದ ಯಜಮಾನ, ಅಂದ್ರೆ ಸರ್ಕಾರ, ಇನ್ನೂ ವಾರದಲ್ಲೇ ಇದೆ. 1996ರ ಕಾನೂನಿನ ಪ್ರಕಾರ ಅರಣ್ಯ ಇಲಾಖೆಗೆ ರೆಸಾರ್ಟುಗಳು ಕೊಡೋದು ನಿಗದಿ ಬಾಡಿಗೆ ಅಲ್ಲ, ವರಮಾನದಲ್ಲಿ ಪಾಲು: ವರಮಾನ ಏರಿದ ಹಾಗೆ ಶೇ. 1.5ರಿಂದ ಶೇ. 4ರವರೆಗೆ. ಕೆಟ್ಟ ವರ್ಷ ಕಂಪನಿ ಸರ್ಕಾರಕ್ಕೆ ಕಮ್ಮಿ ಕೊಡುತ್ತೆ. ಅಂದ್ರೆ ತನ್ನ ಮೇಲಿನವರ ಜೊತೆ ವಾರ, ಕೆಳಗಿನ ನಮ್ಮ ಜೊತೆ ಗುತ್ತಿಗೆ. ಇಂಥ ಜಾಣತನ ನಮ್ಮೂರ ಶಾನುಭೋಗರಿಗೂ ಹೊಳೆದಿರಲಿಕ್ಕಿಲ್ಲ.

ಕಂಪನಿ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ದರೆ ಅನ್ಯಾಯ. ಪಾಸು ಬಂದಿದ್ದರಿಂದ ನನ್ನಂಥವನು ಸ್ಕೀ ಮಾಡುವಂತಾಯಿತು. ಹತ್ತು ದಿನ ಹೋದರೆ ದಿನಕ್ಕೆ ಬೀಳೋದು ಒಂದು ಮಾಲ್ ಸಿನಿಮಾ, ಊಟದಷ್ಟು ಖರ್ಚು. ಜಗತ್ತು ಬಿಸಿಯಾಗ್ತಾ ಹಿಮವನ್ನ ನಂಬೋದು ಕಷ್ಟ ಆಗ್ತಿರುವಾಗ, ಮೊದಲೇ ಬಂದ ದುಡ್ಡು ಕೆಟ್ಟ ವರ್ಷದಲ್ಲಿ ಬೆಟ್ಟವನ್ನ ಉಳಿಸುತ್ತೆ, ಅದನ್ನ ನಂಬಿದ ಊರನ್ನೂ ಉಳಿಸುತ್ತೆ. ಇದು ಒಂಥರಾ ಬೆಳೆ ವಿಮೆ. ಒಪ್ಪಿದೆ. ಆದರೆ ವಿಮೆಯ ಕಂತು ಕಟ್ಟಿದವನು ನಾನು, ಪರಿಹಾರ ಬರೋದು ಅವರಿಗೆ. ಕನಿಷ್ಠ ಪಕ್ಷ ಫಸಲು ಬಂದ ವರ್ಷ ಹೊಲಕ್ಕೆ ಇಳಿಯೋಕೆ ಬಿಡಬೇಕಲ್ವಾ?

ಬಿಡೋಕೆ ಆಗಲ್ಲ ಅಂತೇನಿಲ್ಲ. 2022-23ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ಹಿಮ ಮಳೆಯಂತೆ ಸುರೀತು. ಏಪ್ರಿಲ್ ಶುರುವಿನಲ್ಲಿ ರಾಜ್ಯದ ಹಿಮದ ದಾಸ್ತಾನು ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಆ ವರ್ಷ ಪ್ಯಾಲಿಸೇಡ್ಸ್ ತಾಹೋ ಜುಲೈ 4ರವರೆಗೂ ತೆರೆದಿತ್ತು. ಮ್ಯಾಮತ್ ಬೆಟ್ಟ 2022ರ ನವೆಂಬರ್ 5ರಂದು ತೆರೆದದ್ದು, ಮುಚ್ಚಿದ್ದು 2023ರ ಆಗಸ್ಟ್ 6ಕ್ಕೆ. 275 ದಿನ! ಚಡ್ಡಿ ಹಾಕಿಕೊಂಡು ಸ್ಕೀ ಮಾಡಿದರು ಜನ. ಎರಡೂ ಆಲ್ಟೆರಾ ಕಂಪನಿಯವೇ, ಅಂದ್ರೆ ಪಾಸ್ ಮಾರುವವರವೇ. ಹಾಗಾಗಿ ಪಾಸೊಂದೇ ಅಪರಾಧಿ ಅಂತ ನಾನು ಹೇಳಲ್ಲ. ಮನಸ್ಸು ಮಾಡಿದರೆ, ಒಂದೆರಡು ಲಿಫ್ಟ್ ಮಾತ್ರ ಓಡಿಸಿಕೊಂಡು, ಹಿಮ ಇರುವಷ್ಟು ದಿನ ಬಾಗಿಲು ತೆಗೆದಿಡಬಹುದು ಅಂತ ಅದರಿಂದ ಗೊತ್ತಾಗುತ್ತೆ.

ಮನಸ್ಸು ಯಾವಾಗ ಬರುತ್ತೆ? ಪಕ್ಕದಲ್ಲಿ ಸ್ಪರ್ಧಿ ಇದ್ದಾಗ. ಕೊಲರಾಡೋದಲ್ಲಿ ವೇಲ್ ಕಂಪನಿಗೆ ಐದು ಬೆಟ್ಟ ಇವೆ: ವೇಲ್, ಬೀವರ್ ಕ್ರೀಕ್, ಬ್ರೆಕೆನ್‌ರಿಜ್, ಕೀಸ್ಟೋನ್, ಕ್ರೆಸ್ಟೆಡ್ ಬ್ಯೂಟ್. ಸೀಸನ್ ಕೊನೆಗೆ ಇವು ಒಂದೊಂದಾಗಿ ಮುಚ್ಚುತ್ತಾ ಬರುತ್ತವೆ, ಕೊನೆಗೆ ಉಳಿಯೋದು ಸಾಮಾನ್ಯವಾಗಿ ಬ್ರೆಕೆನ್‌ರಿಜ್. ಬೀವರ್ ಕ್ರೀಕಿನಲ್ಲಿ ಎಷ್ಟೇ ಹಿಮ ಇರಲಿ, ಅಲ್ಲಿ ಬೀಗ ಹಾಕಿದರೆ ಗಿರಾಕಿ ಎಲ್ಲಿಗೆ ಹೋಗ್ತಾನೆ? ಅದೇ ಪಾಸ್ ಹಿಡಿದು ಅದೇ ಕಂಪನಿಯ ಇನ್ನೊಂದು ಬೆಟ್ಟಕ್ಕೆ. ನಷ್ಟ ಇಲ್ಲ. ಐದೂ ಬೆಟ್ಟಕ್ಕೆ ಐದು ಯಜಮಾನರಿದ್ದಿದ್ದರೆ, ‘ಅವನು ಮುಚ್ಚಿದ, ನಾನು ಇನ್ನೊಂದು ವಾರ ತೆಗೀತೀನಿ’ ಅಂತ ಒಬ್ಬನಾದರೂ ಯೋಚಿಸ್ತಿದ್ದ.

ಇದಕ್ಕೆ ಒಂದು ಹಳೇ ಕಥೆ ಇದೆ. 1997ರಲ್ಲಿ ವೇಲ್ ಕಂಪನಿ ಬ್ರೆಕೆನ್‌ರಿಜ್ ಮತ್ತು ಕೀಸ್ಟೋನ್ ಕೊಳ್ಳುವಾಗ ಜೊತೆಗೆ ಅರಾಪಾಹೋ ಬೇಸಿನ್ ಅನ್ನೋ ಮೂರನೇ ಬೆಟ್ಟವೂ ಕೈಗೆ ಬರೋದಿತ್ತು. ಸ್ಪರ್ಧೆ ಸಾಯುತ್ತೆ ಅಂತ ಅಮೆರಿಕದ ನ್ಯಾಯ ಇಲಾಖೆ ಅಡ್ಡ ಬಂತು. ಅರಾಪಾಹೋ ಬೇಸಿನ್ನನ್ನ ಬೇರೆಯವರಿಗೆ ಮಾರಬೇಕು ಅಂತ ಷರತ್ತು ಹಾಕಿತು, ಮಾರಿದರು. ಆಮೇಲಿನ ವರ್ಷಗಳಲ್ಲಿ ಕೊಲರಾಡೋದ ಮಂದಿ ಜೂನ್‌ನಲ್ಲಿ ಸ್ಕೀ ಮಾಡೋಕೆ ಹೋಗ್ತಿದ್ದದ್ದು ಎಲ್ಲಿಗೆ? ಆ ಅರಾಪಾಹೋ ಬೇಸಿನ್ನಿಗೇ. ಪೂರ್ತಿ ಶ್ರೇಯಸ್ಸು ನ್ಯಾಯ ಇಲಾಖೆಗೆ ಕೊಡೋದು ತಪ್ಪಾಗುತ್ತೆ. ಆ ಬೆಟ್ಟದ ಬುಡವೇ 10,780 ಅಡಿ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ ಅಂತ ನೆನಪಿಡಿ. ಅಲ್ಲಿ ಹಿಮ ನಿಲ್ಲುತ್ತೆ. ಆದರೆ ಹಿಮ ನಿಲ್ಲೋದು ಬೇರೆ, ಬಾಗಿಲು ತೆರೆದಿರೋದು ಬೇರೆ ಅಂತ ಇಷ್ಟೊತ್ತಿಗೆ ನಿಮಗೂ ಗೊತ್ತಾಗಿರಬೇಕು. 2019ರಲ್ಲಿ ಆ ಬೆಟ್ಟ ಎಪಿಕ್ ಪಾಸಿನಿಂದಲೂ ಹೊರಗೆ ಬಂತು, ಪಾಸಿನವರ ಕಾರು ನಿಲ್ಲಿಸೋಕೆ ಜಾಗ ಸಾಲದೆ. 2024ರಲ್ಲಿ ಆಲ್ಟೆರಾ ಅದನ್ನ ಕೊಂಡುಕೊಂಡಿತು. ಇನ್ನು ಮುಂದಿನ ಜೂನ್‌ಗಳನ್ನ ಕಾದು ನೋಡಬೇಕು.

ಹಾಗಾದ್ರೆ ನಾನು ಕೇಳೋದೇನು? ಎಲ್ಲ ಬೆಟ್ಟವೂ ಜುಲೈವರೆಗೆ ತೆರೆದಿರಲಿ ಅಂತಲ್ಲ. ಎರಡೇ ಎರಡು.

ಮೊದಲನೆಯದು, ಕಾರಣವನ್ನ ಇದ್ದ ಹಾಗೆ ಹೇಳಿ. "ಏಪ್ರಿಲ್‌ನಲ್ಲಿ ಜನ ಬರಲ್ಲ, ನಮಗೆ ಗಿಟ್ಟಲ್ಲ" ಅನ್ನೋದು ಮರ್ಯಾದೆಯ ಮಾತು. ಅದನ್ನ ಬಿಟ್ಟು ‘ಇಂಥ ಅದ್ಭುತ ಸೀಸನ್ ಕೊಟ್ಟ ಪ್ರಕೃತಿಗೆ ವಂದನೆ’ ಅಂತ ಬೀಳ್ಕೊಡುಗೆ ಮೇಲ್ ಕಳಿಸಿದರೆ ನನಗೆ ರೇಗುತ್ತೆ. ಪ್ರಕೃತಿ ಇನ್ನೂ ಕೊಡ್ತಾನೇ ಇತ್ತು ಸ್ವಾಮಿ.

ಎರಡನೆಯದು, ತಾರೀಖಿಗೆ ಒಂದು ಸೂತ್ರ ಇರಲಿ. ಇಂತಿಷ್ಟು ಅಡಿ ಹಿಮ ಉಳಿದಿದ್ದರೆ ಇನ್ನೆರಡು ವಾರಾಂತ್ಯ ತೆರೀತೀವಿ, ಇಂತಿಷ್ಟು ದಿನಕ್ಕಿಂತ ಕಮ್ಮಿ ತೆರೆದರೆ ಮುಂದಿನ ಪಾಸಿನಲ್ಲಿ ಇಷ್ಟು ಮುರೀತೀವಿ ಅಂತ. ಸಿಸ್ಟಮ್ ಇಲ್ಲ ಅನ್ನಬೇಡಿ, ಆ ಕೆಲಸ ಏನು ಅಂತ ನನಗೆ ಗೊತ್ತು. ಲಿಫ್ಟ್ ಗೇಟು ನನ್ನ ಜೇಬಿನ ಕಾರ್ಡನ್ನ ಪ್ರತಿ ಸಲ ಓದುತ್ತೆ. 2020ರ ಮಾರ್ಚ್‌ನಲ್ಲಿ ಕೊರೊನಾಗೆ ಹೆದರಿ ಅಮೆರಿಕದ ಬೆಟ್ಟಗಳೆಲ್ಲ ಒಳ್ಳೆ ಹಿಮ ಇದ್ದಾಗಲೇ ಮುಚ್ಚಿದವಲ್ಲ, ಆಗ ವೇಲ್ ಕಂಪನಿ ಯಾರು ಎಷ್ಟು ದಿನ ಬಳಸಿದ್ದಾರೆ ಅಂತ ನೋಡಿ ಪಾಸುದಾರರಿಗೆ ಮುಂದಿನ ವರ್ಷಕ್ಕೆ ಶೇ. 20ರಿಂದ 80ರವರೆಗೆ ಮುರಿದು ಕೊಟ್ಟಿತು. ಲೆಕ್ಕ ಅವರ ಹತ್ತಿರ ಇದೆ ಅಂತ ಆಗಲೇ ಗೊತ್ತಾಯಿತು. ಪಿಡುಗು ಬಂದಾಗ ಹಾಕಿದ ಲೆಕ್ಕವನ್ನ ಬರಗಾಲದಲ್ಲೂ ಹಾಕಬಹುದು.

ಇದನ್ನೆಲ್ಲ ಬರೆಯೋಕೆ ನನಗೆ ಸ್ವಲ್ಪ ಸಂಕೋಚವೂ ಇದೆ. ಹಗಲು ಹೊತ್ತಿನಲ್ಲಿ ನಾನು ಬರೆಯೋ ಕೋಡೂ ಇಂಥದ್ದೇ. ವರ್ಷದ ಸಬ್‌ಸ್ಕ್ರಿಪ್ಷನ್ ಮೊದಲೇ ಕಟ್ಟಿಸಿಕೊಳ್ಳೋದು, ಆಮೇಲೆ ಬಳಸಿದೆಯಾ ಬಿಟ್ಟೆಯಾ ಅನ್ನೋದು ಗಿರಾಕಿಯ ಹಣೆಬರಹ. ‘ಆಟೋ ರಿನ್ಯೂ’ ಡಬ್ಬಿಗೆ ಮೊದಲೇ ಟಿಕ್ ಹಾಕಿಟ್ಟ ಸ್ಕ್ರೀನನ್ನ ನಾನೇ ಟೆಸ್ಟ್ ಮಾಡಿ ಪಾಸ್ ಮಾಡಿದ್ದೀನಿ. ಜಿಮ್ಮು, ಓಟಿಟಿ, ಮಕ್ಕಳ ಟ್ಯೂಷನ್ ಆಪು, ಎಲ್ಲೆಡೆ ನಾವೀಗ ಗುತ್ತಿಗೆದಾರರೇ. ಬೆಳೆ ಬಂದರೂ ಬರದಿದ್ದರೂ ಕಟ್ಟಿ ಆಗಿದೆ. ಹಿಮದ ಬೆಟ್ಟದಲ್ಲಿ ಅದು ಎದ್ದು ಕಾಣುತ್ತೆ ಅಷ್ಟೇ, ಯಾಕಂದ್ರೆ ಅಲ್ಲಿ ಬೆಳೆ ಎಲ್ಲರ ಕಣ್ಣ ಮುಂದೆ ಬೆಳ್ಳಗೆ ನಿಂತಿರುತ್ತೆ.

ಆ ಭಾನುವಾರ ಪಾರ್ಕಿಂಗಿನಿಂದ ಹೊರಡುವಾಗ ಫೋನಿಗೆ ಒಂದು ಮೇಲ್ ಬಂತು. ಮುಂದಿನ ವರ್ಷದ ಪಾಸು, ಈಗಲೇ ಕೊಂಡರೆ ಅತಿ ಕಡಿಮೆ ಬೆಲೆ, ಆಮೇಲೆ ಏರುತ್ತೆ. ವೈಪರ್ ಹಿಮ ತಳ್ಳುತ್ತಲೇ ಇತ್ತು. ಆ ಮೇಲ್ ಇನ್ನೂ ಇನ್‌ಬಾಕ್ಸಿನಲ್ಲೇ ಇದೆ. ಅಳಿಸಿಲ್ಲ, ದುಡ್ಡೂ ಕಟ್ಟಿಲ್ಲ. ಅಪ್ಪನನ್ನ ಕೇಳಿದ್ರೆ, "ವಾರಕ್ಕೆ ಕೊಡ್ತಾನಾ ಕೇಳು, ಕೊಟ್ರೆ ಮಾಡು" ಅಂದರು.

ಕಸ್ಟಮರ್ ಕೇರಿಗೆ ಇದನ್ನ ಇಂಗ್ಲಿಷಿನಲ್ಲಿ ಹೇಗೆ ಕೇಳೋದು ಅಂತ ಯೋಚಿಸ್ತಿದ್ದೀನಿ.